ದೊರೆಯ ಬಾಯಿ, ಮಲಗಿದ ಕಂಬ

ಆಗಸ್ಟ್ ೧೧, ಭಾನುವಾರ

ಈ ಪುಸ್ತಕ ಆಫುವಾ ತಂದುಕೊಟ್ಟದ್ದು. ಸಂತೆಯಲ್ಲಿ ಹೊಗೆಮೀನು ಮಾರಿ ಬರುವಾಗ ಶಾಲೆ ಮಕ್ಕಳ ನೋಟ್‌ಬುಕ್ ಒಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದಳು. "ಹಗಲೆಲ್ಲ ದೊರೆ ಮಾತು ಆಡ್ತೀಯ, ರಾತ್ರಿ ನಿದ್ದೇಲಿ ನಿನ್ನ ಮಾತು ಬಡಬಡಿಸ್ತೀಯ. ನಂಗೇನು ನಿದ್ದೆ ಬೇಡ್ವಾ? ಅದೇನಿದ್ಯೋ ಇದ್ರಲ್ಲಿ ಬರ್ಕೊಂಡು ಬಾಯ್ಮುಚ್ಕೊಂಡು ಮಲ್ಕೊ" ಎಂದಳು. ಹೆಂಡತಿ ಹೇಳಿದ ಮೇಲೆ ಮುಗಿಯಿತು.

ಬರೆಯಲು ನನಗೇನಿದೆ? ನಾನು ಕ್ವಾಕು ಒಬಿರಿ, ಅಸುವಾನೊ ಊರಿನ ಒಚ್ಯಾಮೆ. ಅಂದರೆ ದೊರೆಯ ಬಾಯಿ. ನಮ್ಮ ದೊರೆ ನಾನಾ ಬೆದಿಯಾಕೊ ('ನಾನಾ' ಅಂದರೆ ನಮ್ಮಲ್ಲಿ ಒಡೆಯ) ಸಭೆಯಲ್ಲಿ ಯಾರ ಜೊತೆಗೂ ನೇರವಾಗಿ ಮಾತಾಡುವಂತಿಲ್ಲ. ಅವರು ನನ್ನ ಕಿವಿಗೆ ಹೇಳಬೇಕು, ನಾನು ಊರಿಗೆ ಹೇಳಬೇಕು. ಹಾಗಂತ ಅವರೇನು ಪಿಸುಗುಟ್ಟುವವರಲ್ಲ, ಅವರ ಗುಟ್ಟು ದೋಣಿಕಟ್ಟೆಯ ತನಕ ಕೇಳಿಸುತ್ತದೆ. ಆದರೂ ನನ್ನ ಬಾಯಿಂದ ಬರುವವರೆಗೆ ಅದು ಹೇಳಿದ ಹಾಗಲ್ಲ, ಯಾರೂ ಕೇಳಿದ ಹಾಗೂ ಅಲ್ಲ. ದೊರೆ "ಆ ಕತ್ತೆಗೆ ಹೇಳು" ಎಂದರೆ ನಾನು "ಆ ಸಜ್ಜನರಿಗೆ ದೊರೆ ತಿಳಿಸಬಯಸುತ್ತಾರೆ" ಎನ್ನುತ್ತೇನೆ. ಖಾರವನ್ನು ಸಿಹಿ ಮಾಡುವುದೇ ನನ್ನ ಕಸುಬು. ಚಿನ್ನದ ತಗಡು ಸುತ್ತಿದ ಕೋಲು ಹಿಡಿದು ನಿಲ್ಲುತ್ತೇನೆ. ನನಗೆ ಸ್ವಂತ ಅಭಿಪ್ರಾಯ ಅಂತ ಒಂದಿಲ್ಲ. ನಲ್ಲಿಗೆ ನೀರಿನ ರುಚಿ ಯಾಕೆ ಬೇಕು?

ಇವತ್ತಿಗೆ ಇಷ್ಟು ಸಾಕು.

ಆಗಸ್ಟ್ ೧೪, ಬುಧವಾರ

ರಾಜಧಾನಿ ಅಕ್ರಾದಿಂದ ಒಬ್ಬ ಹೆಣ್ಣುಮಗಳು ದೋಣಿಯಲ್ಲಿ ಬಂದಿದ್ದಳು. ಹೆಸರು ಲಾಮಿಲೆ, ಎಂಜಿನಿಯರ್. ಕಾಲಲ್ಲಿ ಕಾರ್ಖಾನೆಯವರ ಬೂಟು, ಕೈಯಲ್ಲಿ ದೊರೆಗೆ ಕಾಣಿಕೆ ಕೊಡಲು ಜಿನ್ನಿನ ಬಾಟಲಿ. ನೀರು ಕೊಟ್ಟೆವು, ಕುಡಿದಳು. "ಇಲ್ಲಿ ಎಲ್ಲ ಕ್ಷೇಮ. ನೀವು ಬಂದ ಕಾರ್ಯ?" ಎಂದು ಪದ್ಧತಿಯಂತೆ ಕೇಳಿದೆ.

ಬಿಸಿಲಿಗೆ ಗಾಜಿನ ಹಲಗೆ ಹಾಸಿ, ಒಂದು ಬ್ಯಾಟರಿ ಮನೆ ಕಟ್ಟಿ, ಊರಿಗೆಲ್ಲ ತಂತಿ ಎಳೆದು ಲೈಟು ಕೊಡುತ್ತಾರಂತೆ. ಮೀನು ಇಳಿಯುವ ಕಟ್ಟೆಯಲ್ಲಿ ಐಸು ಮಾಡುವ ಯಂತ್ರವನ್ನೂ ಕೂರಿಸುತ್ತಾರಂತೆ. ಆದರೆ ಅವರ ಹತ್ತಿರ ಇರುವುದು ಒಂದು ಊರಿಗೆ ಆಗುವಷ್ಟೇ ಸಾಮಾನು. ದೊರೆ ಒಪ್ಪಿ ಜಾಗ ತೋರಿಸಿದರೆ ಅಸುವಾನೊಗೆ, ಇಲ್ಲವಾದರೆ ಆಚೆ ದಡದ ಅಗೋರ್ಕೋಪೆಗೆ.

ಅಗೋರ್ಕೋಪೆ ಹೆಸರು ಕಿವಿಗೆ ಬಿದ್ದದ್ದೇ ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಅವರು ನಮ್ಮ ಬಲೆ ಕದ್ದವರು ಎಂದು ನಾವು ನಂಬಿದ್ದೇವೆ, ನಾವು ಅವರ ಬಲೆ ಕದ್ದವರು ಎಂದು ಅವರು ನಂಬಿದ್ದಾರೆ. ಎರಡೂ ನಿಜವಿರಬಹುದು.

ದೊರೆ "ಯೋಚನೆ ಮಾಡ್ತೀವಿ. ಮುಂದಿನ ತಿಂಗಳು ಬರ್ಲಿ" ಎಂದರು. ನಾನು ಅದಕ್ಕೆ ಎರಡು ಗಾದೆ ಸೇರಿಸಿ, ಹಿರಿಯರನ್ನು ನೆನೆದು, ಸಾಕಷ್ಟು ಉದ್ದ ಮಾಡಿ ಹೇಳಿದೆ.

ಊಟಕ್ಕೆ ಕೂತಾಗ ಆಫುವಾ ಕೇಳಿದಳು: "ಐಸು ಯಂತ್ರ ಬರುತ್ತಾ?"

"ದೊರೆ ಯೋಚನೆ ಮಾಡ್ತಿದಾರೆ."

"ನೀನೇನು ಯೋಚನೆ ಮಾಡ್ತಿದೀಯ?"

"ನಾನ್ಯಾಕೆ ಮಾಡ್ಲಿ? ಅದು ನನ್ನ ಕೆಲ್ಸ ಅಲ್ಲ."

ಅವಳು ಕೆಮ್ಮಿದಳು. ಸಂತೆಗೆ ಹೋಗುವ ದೋಣಿ ವಾರಕ್ಕೊಂದೇ. ಉಳಿದ ದಿನ ಬಲೆಗೆ ಬಿದ್ದ ಮೀನನ್ನೆಲ್ಲ ಒಲೆಯ ಮೇಲೆ ಹರಡಿ ಹೊಗೆ ಹಾಕಬೇಕು. ಹೊಗೆಗೆ ಸಿಗದ್ದು ಕೊಳೆಯುತ್ತದೆ, ಬುಟ್ಟಿಗಟ್ಟಲೆ ಮತ್ತೆ ನೀರಿಗೇ ಸುರಿಯುತ್ತಾರೆ. ಆ ಹೊಗೆಯಲ್ಲಿ ಕೂತೂ ಕೂತೂ ಅವಳ ಕಣ್ಣು ಯಾವಾಗಲೂ ಅತ್ತ ಹಾಗಿರುತ್ತದೆ. ಈಚೆಗೆ ಕೆಮ್ಮು ಹೆಚ್ಚಾಗಿದೆ. ದೊರೆ ಬೇಗ ಯೋಚಿಸಿದರೆ ಒಳ್ಳೆಯದು.

ಆಗಸ್ಟ್ ೩೦, ಶುಕ್ರವಾರ

ಡಿಸೆಂಬರಿಗೆ ಚುನಾವಣೆ. ಅದಕ್ಕೇ ಇವತ್ತು ಮಾನ್ಯ ಅಂಪಾಡು ದರ್ಶನ ಕೊಟ್ಟರು.

ನಮ್ಮ ಬೀದಿಯ ಉದ್ದಕ್ಕೂ ಮಲಗಿರುವ ಕರೆಂಟು ಕಂಬಗಳು ಈ ಮಹಾನುಭಾವರದೇ. ಎರಡು ಚುನಾವಣೆಯ ಹಿಂದೆ ಬ್ಯಾಂಡು ಬಾರಿಸಿಕೊಂಡು ತಂದು ಇಳಿಸಿದರು. ಆ ಸಲ ಗೆದ್ದರು, ಕಂಬ ಏಳಲಿಲ್ಲ. ಮುಂದಿನ ಸಲ ಸೋತರು, ಆಗಲೂ ಏಳಲಿಲ್ಲ. ಈಗ ಮತ್ತೆ ನಿಂತಿದ್ದಾರೆ. ಅವರು, ಕಂಬಗಳಲ್ಲ. ಊರಿಗೇನೂ ಬೇಸರವಿಲ್ಲ ಅನ್ನಿ. ಕಂಬದ ಮೇಲೆ ಮುದುಕರು ಕೂತು ಅಳಗುಳಿ ಮಣೆ ಆಡುತ್ತಾರೆ, ಹೆಂಗಸರು ಮರಗೆಣಸು ಒಣಹಾಕುತ್ತಾರೆ. ಚರ್ಚಿನ ಹತ್ತಿರದ ಕಂಬದ ಮೇಲೆ ಕೂತು ಮಾತಾಡಿ ಮದುವೆಯಾದ ಜೋಡಿಗಳೇ ನಾಲ್ಕಾರು ಇವೆ.

ದೊರೆಯ ಒಳಕೋಣೆಯಲ್ಲಿ ಮೂವರೇ ಇದ್ದೆವು. ಅಂಪಾಡು ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಹೇಳಿದರು: "ನಾನಾ, ಸೂರ್ಯನ ಲೈಟು ತಗೊಂಡ್ರೋ, ಕೆಟ್ರಿ. ಈ ಊರಿಗೆ ಲೈಟು ಬಂದಾಯ್ತು ಅಂತ ಬರ್ಕೊಂಡು, ಅಣೆಕಟ್ಟಿನ ಲೈಟಿನ ಪಟ್ಟಿಯಿಂದ ಹೆಸರು ಹೊಡೆದ್ಹಾಕ್ತಾರೆ. ಅಣೆಕಟ್ಟಿನ ಲೈಟಿಗೆ ಸರ್ಕಾರ ಕೈಯಿಂದ ದುಡ್ಡು ಹಾಕುತ್ತೆ, ಅಗ್ಗ. ಸೂರ್ಯನದಕ್ಕೆ ನಾಳೆ ಅವರು ಕೇಳಿದ್ದೇ ರೇಟು. ನಾನು ಗೆದ್ದು ಬರ್ತೀನಿ, ಬಂದ ತಕ್ಷಣ ಕಂಬ ನಿಲ್ಲಿಸ್ತೀನಿ. ಅಲ್ಲಿವರೆಗೆ ಆ ಹುಡುಗಿಗೆ ಬೇಡ ಅನ್ನಿ."

ದೊರೆ ಕಿಟಕಿಯಾಚೆ ಅಣೆಕಟ್ಟಿನ ಹಿನ್ನೀರಿನತ್ತ ಕೈ ತೋರಿಸಿದರು. ಆಮೇಲೆ ಅವರ ದನಿ ಏರಿತು. "ನನ್ನ ಅಜ್ಜನ ಮನೆ ಈ ನೀರಿನ ತಳದಲ್ಲಿದೆ, ಮಾನ್ಯರೇ. ಸಮಾಧಿನೂ ಅಲ್ಲೇ. ಅಣೆಕಟ್ಟು ಕಟ್ಟೋವಾಗ ಊರು ಮುಳುಗಿಸ್ಕೊಂಡೋರು ನಾವು. ಆ ಕರೆಂಟನ್ನ ಅಕ್ರಾ ನೋಡ್ತು, ಕಾರ್ಖಾನೆಗಳು ನೋಡಿದ್ವು, ಪಕ್ಕದ ದೇಶದೋರೂ ನೋಡಿದ್ರು. ನಮಗೆ ಮಾತ್ರ ಸೂರ್ಯ ಸಾಕಾ? ಸೂರ್ಯ ಮೊದ್ಲಿಂದ್ಲೂ ಇದ್ನಲ್ಲ! ಆ ಹುಡುಗಿ ಬರ್ಲಿ, ಬೇಡ ಅಂತ ನನ್ನ ಬಾಯಾರೆ ಹೇಳ್ತೀನಿ."

ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಮನೆಗೆ ಬಂದು ಆಫುವಾಳಿಗೆ ಹಾಗೇ ಹೇಳಿದೆ.

"ಸರಿ. ಅಜ್ಜನ ಮನೆ ನೀರಿನಡಿ ಹೋಯ್ತು ಅಂತ ನನ್ನ ಮೀನೂ ನೀರಿಗೇ ಹೋಗ್ಲಿ" ಎಂದಳು. ಇವತ್ತು ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದೇ.

ಸೆಪ್ಟೆಂಬರ್ ೧, ಭಾನುವಾರ

ಆಫುವಾ ತನಗೂ ಒಬ್ಬ ಒಚ್ಯಾಮೆಯನ್ನು ನೇಮಿಸಿಕೊಂಡಿದ್ದಾಳೆ. ನಮ್ಮ ಕೆಂಪು ಹುಂಜ.

ಬೆಳಿಗ್ಗೆ ಅಂಗಳದಲ್ಲಿ ಹುಂಜದ ಎದುರು ನಿಂತು, "ಹುಂಜಪ್ಪ, ಒಳಗಿರೋ ದೊಡ್ಡ ಮನುಷ್ಯರಿಗೆ ತಿಳಿಸು. ಗಂಜಿ ಆರಿಹೋಗ್ತಿದೆ, ದಯಮಾಡಿಸಬೇಕಂತೆ" ಎಂದಳು. ನಾನು ಬಾಗಿಲಲ್ಲೇ ನಿಂತಿದ್ದೆ! "ಏನೇ ಇದು ಹುಡುಗಾಟ?" ಎಂದರೆ ತಿರುಗಿಯೂ ನೋಡಲಿಲ್ಲ. "ಹುಂಜಪ್ಪ, ಯಾರೋ ಮಾತಾಡಿದ ಹಾಗಾಯ್ತು. ನೀನು ಹೇಳೋವರೆಗೂ ನಂಗೆ ಕೇಳ್ಸಲ್ಲ ನೋಡು."

ಸೆಪ್ಟೆಂಬರ್ ೪, ಬುಧವಾರ

ಸಾರಿಗೆ ಉಪ್ಪಿರಲಿಲ್ಲ. ಹುಂಜಕ್ಕೆ ದೂರು ಕೊಟ್ಟೆ. ತಲುಪಿಸಲಿಲ್ಲ, ಅಯೋಗ್ಯ.

ಸೆಪ್ಟೆಂಬರ್ ೧೯, ಗುರುವಾರ

ಇವತ್ತು ಆಗಬಾರದ್ದು ಆಗಿಹೋಯಿತು.

ಲಾಮಿಲೆ ಬಂದಳು. ಸಭೆ ಸೇರಿತು. ದೊರೆ ಛತ್ರಿಯ ಕೆಳಗೆ, ಪಕ್ಕದಲ್ಲಿ ನಾನು, ಎದುರಿಗೆ ಇಡೀ ಊರು. ದೊರೆ ನನ್ನ ಕಿವಿಗೆ, ಅಂದರೆ ಎಲ್ಲರ ಕಿವಿಗೆ, ಹೇಳಿದರು: "ಆ ಹುಡುಗಿಗೆ ಹೇಳು. ಆ ಗಾಜಿನ ಹಲಗೆ ಅಗೋರ್ಕೋಪೆಗೇ ತಗೊಂಡು ಹೋಗ್ಲಿ. ಬಂಡೆ ಹಿಂದಿನ ಬಯಲು ಕೇಳಿದ್ಲಲ್ಲ, ಅಲ್ಲಿ ಒಂದು ಮೊಳೆ ಹೊಡೆಯೋಕೂ ಬಿಡಲ್ಲ. ಬೇಡ ಅಂದ್ರೆ ಬೇಡ."

ನಾನು ಕೋಲು ಎತ್ತಿದೆ. ಮನೆಗೆ ಬಂದವರಿಗೆ ನೇರವಾಗಿ 'ಹೋಗು' ಅನ್ನಲಾಗುತ್ತದೆಯೇ? ಸ್ವಲ್ಪ ಸಿಹಿ ಹಾಕಿ ಶುರುಮಾಡಿದೆ: "ದೊರೆ ಹೇಳುತ್ತಾರೆ: ದೂರದಿಂದ ಬಂದ ಮಗಳೇ, ನೀನು ತಂದದ್ದು ಸಣ್ಣ ವಸ್ತುವಲ್ಲ." ಇನ್ನು 'ಆದರೆ' ಅನ್ನಬೇಕು. ಅಷ್ಟರಲ್ಲಿ ಹೆಂಗಸರ ಸಾಲಿನಲ್ಲಿ ಆಫುವಾ ಕೆಮ್ಮಿದಳು. ಒಂದೇ ಸಮನೆ, ಎದೆ ಹಿಡಿದುಕೊಂಡು. 'ಆದರೆ' ನನ್ನ ಬಾಯಲ್ಲೇ ಉಳಿಯಿತು. ಹೊರಗೆ ಬಂದದ್ದು ಇದು: "ಅಂಥದ್ದನ್ನು ದೋಣಿಯಲ್ಲೇ ಬಿಡುವುದು ಚೆನ್ನಲ್ಲ. ಬಂಡೆಯ ಹಿಂದಿನ ಬಯಲಿಗೆ ಒಳ್ಳೆಯ ಬಿಸಿಲು ಬೀಳುತ್ತದೆ. ಇಳಿಸಿಕೊಳ್ಳಿ."

ಹಿರಿಯ ನ್ತೋ ಅಜ್ಜ ಎದ್ದು ನಿಂತ. "ಅಲ್ಲಪ್ಪ, ದೊರೆ ಈಗ ತಾನೆ ಅಂದಿದ್ದು..."

ಲಾಮಿಲೆ ಚಟ್ಟನೆ ಎದ್ದು ಮಂಡಿ ಬಗ್ಗಿಸಿದಳು. "ಅಜ್ಜ, ನನಗೆ ಒಚ್ಯಾಮೆ ಹೇಳಿದ್ದಷ್ಟೇ ಕೇಳ್ಸಿದ್ದು. ಪಟ್ಟಣದೋಳಾದ್ರೂ ಪದ್ಧತಿ ಗೊತ್ತು. ದೊರೆಗೆ ಕೋಟಿ ನಮಸ್ಕಾರ."

"ನಮಗೂ ಅಷ್ಟೇ ಕೇಳ್ಸಿದ್ದು!" ಎಂದು ಹೆಂಗಸರ ಸಾಲು ಒಕ್ಕೊರಲಿನಿಂದ ಕೂಗಿತು. "ಬೇರೆ ಏನಾದ್ರೂ ಕೇಳ್ಸಿದ್ರೆ ಅಜ್ಜನ ಕಿವಿಗೆ ಎಣ್ಣೆ ಬಿಡಿ!"

ದೊರೆ ನನ್ನನ್ನೇ ದಿಟ್ಟಿಸಿದರು. ಹೆಗಲ ವಸ್ತ್ರ ಸರಿಮಾಡಿಕೊಂಡು ಎದ್ದುಹೋದರು.

ಯಾಕೆ ಹಾಗೆ ಹೇಳಿದೆನೋ! ಹೊಟ್ಟೆ ಸರಿಯಿರಲಿಲ್ಲ ಅನಿಸುತ್ತದೆ. ಬೆಳಿಗ್ಗೆಯ ಗಂಜಿ ತಣ್ಣಗಿತ್ತು.

ಸೆಪ್ಟೆಂಬರ್ ೨೦, ಶುಕ್ರವಾರ

ಕೋಲು ಕಿತ್ತುಕೊಳ್ಳುತ್ತಾರೆಂದೇ ಹೋದೆ. ಅಪ್ಪ ಹಿಡಿದ ಕೋಲು, ಅವರಪ್ಪ ಹಿಡಿದ ಕೋಲು.

"ನಿನ್ನ ಕಿವಿ ಕೆಟ್ಟಿದೆಯೋ, ನಾಲಿಗೆ ಕೆಟ್ಟಿದೆಯೋ?" ದೊರೆ ಕೇಳಿದರು.

"ನಾಲಿಗೆ, ನಾನಾ."

"ಒಂದು ಕುರಿ ದಂಡ."

"ಸಭೆ ಕರೆದು ಆ ಮಾತು ವಾಪಸ್ ತಗೊಳ್ಳಲಾ, ನಾನಾ?"

"ದೊರೆ ಆಡಿದ ಮಾತು ವಾಪಸ್ ತಗೊಳ್ಳೋದಾ? ತಲೆ ನೆಟ್ಟಗಿದೆಯಾ ನಿಂಗೆ?"

ನನ್ನೆದುರೇ ಅಂಪಾಡುಗೆ ಫೋನ್ ಮಾಡಿದರು. "ನಾನು ಬೇಡ ಅಂದೆ, ಮಾನ್ಯರೇ. ನನ್ನ ಬಾಯಾರೆ ಅಂದೆ, ಊರೆಲ್ಲ ಸಾಕ್ಷಿ. ಒಚ್ಯಾಮೆ ಪೆದ್ದ ಆದ್ರೆ ನಾನೇನ್ ಮಾಡ್ಲಿ? ಪದ್ಧತಿ ಮುರಿಯೋಕಾಗುತ್ತಾ?" ಫೋನಿಟ್ಟ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಭುಜ ಕುಲುಕುತ್ತಿತ್ತು. ಪಾಪ, ನನ್ನಿಂದ ಅವರಿಗೆ ಎಂಥ ಅವಮಾನ.

ಮನೆಯಲ್ಲಿ ಆಫುವಾ ಹುಂಜವನ್ನು ಕರೆದಳು. "ಹುಂಜಪ್ಪ, ಒಂದು ಮಾತು ಕೇಳಿ ಹೇಳು. ನಿನ್ನೆ ಸಭೇಲಿ ಆಡಿದ ಮಾತು ಯಾರದ್ದಂತೆ?"

"ಯಾರದ್ದು ಅಂದ್ರೆ? ದೊರೆಯದ್ದೇ!" ಎಂದೆ. ಬೇರೇನು ಹೇಳಲಿ? ನನ್ನದು ಎಂದರೆ ಕಸುಬಿಗೇ ಕಳಂಕ.

"ಹಾಗಿದ್ರೆ ದೊರೆಗೆ ನನ್ನ ಥ್ಯಾಂಕ್ಸ್ ಹೇಳ್ಬೇಕಂತೆ" ಎಂದು ಹುಂಜಕ್ಕೆ ಹೇಳಿ ಒಳಗೆ ಹೋದಳು. ಐಸು ಬರುವ ಹಾಗೆ ಮಾಡಿದರೂ ಈ ಹೆಂಗಸಿಗೆ ತೃಪ್ತಿಯಿಲ್ಲ.

ಅಕ್ಟೋಬರ್ ೬, ಭಾನುವಾರ

ಬಯಲಲ್ಲಿ ಗಾಜಿನ ಹಲಗೆ ಹಾಸಿಯಾಯಿತು. ಬ್ಯಾಟರಿ ಮನೆಗೆ ಬೀಗವೂ ಬಂತು. ಬಾರದೇ ಇರುವುದು ಕಂಬ. ಕಂಪನಿಯ ಕಂಬಗಳು ಯಾವುದೋ ಬಂದರಿನಲ್ಲಿ ಕಾಗದಪತ್ರಕ್ಕೆ ಸಿಕ್ಕಿಬಿದ್ದಿವೆಯಂತೆ, ಹೊಸ ವರ್ಷದ ತನಕ ಬಿಡಿಸಲಾಗದಂತೆ. ಲಾಮಿಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದಳು, ಚರ್ಚಿನ ಹತ್ತಿರದ ಕಂಬದ ಮೇಲೆ.

ಆಫುವಾ ಬುಟ್ಟಿ ಹೊತ್ತು ಹೋಗುತ್ತಿದ್ದವಳು ನಿಂತಳು. ಲಾಮಿಲೆಯನ್ನು ನೋಡಿದಳು, ಅವಳ ಕೆಳಗಿದ್ದುದನ್ನು ನೋಡಿದಳು. "ಎದ್ದೇಳು ತಾಯಿ" ಎಂದಳು.

ಮಧ್ಯಾಹ್ನದ ಹೊತ್ತಿಗೆ ಊರಿನ ಹೆಂಗಸರೆಲ್ಲ ಬಲೆ ಎಳೆಯುವ ಹಗ್ಗ ಹಿಡಿದು ಬಂದಿದ್ದರು. ಬಲೆ ಎಳೆಯುವ ಹಾಡು ಹೇಳಿಕೊಂಡು ಕಂಬ ಎಳೆದರು. ಗಲಾಟೆ ಮಾಡಿದವರು ಮುದುಕರು ಮಾತ್ರ. ನ್ತೋ ಅಜ್ಜ ಅಳಗುಳಿ ಮಣೆ ಎದೆಗವಚಿಕೊಂಡು ಕಂಬದ ಮೇಲೆ ಮಲಗೇಬಿಟ್ಟ. "ಲೈಟು ಕೊಟ್ಟು ಕೂರೋ ಜಾಗ ಕಿತ್ಕೊಳ್ತೀರಾ? ಇದ್ಯಾವ ಅಭಿವೃದ್ಧಿ?" ಕೊನೆಗೆ ಅವನಿಗಾಗಿ ಒಂದು ಕಂಬ ಬಿಟ್ಟರು. ಹೇಗೂ ಅದು ಕೂತೂ ಕೂತೂ ಬಾಗಿತ್ತು.

ಅಷ್ಟರಲ್ಲಿ ದೊರೆಯ ಸವಾರಿ ಬಂತು. ಕಂಬ ಸರ್ಕಾರದ ಸ್ವತ್ತು, ಏನನ್ನುವರೋ ಎಂದು ಎಲ್ಲರೂ ಹಗ್ಗ ಹಿಡಿದೇ ನಿಂತರು. ದೊರೆ ಛತ್ರಿಯವನಿಗೆ "ಬಿಸಿಲು ಜಾಸ್ತಿ, ತಗ್ಗಿಸು" ಎಂದರು. ತಗ್ಗಿಸಿದ. "ಇನ್ನೂ." ಛತ್ರಿಯ ಝಾಲರು ಅವರ ಎದೆಗೆ ಬಂತು. ಹಾಗೇ ಏನೂ ಕಾಣದೆ, ಎಡವುತ್ತ, ಬೀದಿಯ ತುದಿಯವರೆಗೆ ನಡೆದುಹೋದರು.

ನಾನು ಸುಮ್ಮನೆ ನೋಡಲು ಹೋದವನು. ಹಗ್ಗದ ತುದಿ ನನ್ನ ಕೈಗೆ ಹೇಗೆ ಬಂತೋ ತಿಳಿಯದು. ಅಂಗೈ ಬೊಬ್ಬೆಯೆದ್ದಿದೆ, ಪೆನ್ನು ಹಿಡಿಯಲಾಗುತ್ತಿಲ್ಲ.

ನವೆಂಬರ್ ೧೬, ಶನಿವಾರ

ಲೈಟು ಬಂತು! ಬಂದು ವಾರವಾಯಿತು, ಬರೆಯಲು ಪುರಸೊತ್ತಾದದ್ದು ಇವತ್ತು.

ಹುಂಜ ಬಲ್ಬು ನೋಡಿ ಬೆಳಗಾಯಿತೆಂದು ಕೂಗಿದ್ದೇ ಕೂಗಿದ್ದು. ಅದರ ಬುದ್ಧಿಯೇ ಅಷ್ಟು. ಮೀಟರಿಗೆ ಮೊದಲೇ ದುಡ್ಡು ತುಂಬಬೇಕು, ರೇಟು ಪಟ್ಟಣಕ್ಕಿಂತ ಜಾಸ್ತಿ ಎಂದು ಕೆಲವರ ಗೊಣಗಾಟ ಆಗಲೇ ಶುರುವಾಗಿದೆ. ಗೊಣಗುವುದರಲ್ಲಿ ನ್ಯಾಯವಿದೆ ಎಂದು ನನಗನಿಸುತ್ತದೆ. ಪಟ್ಟಣದವರ ಲೈಟಿಗೆ ದುಡ್ಡು ಹಾಕುವ ಸರ್ಕಾರ ನಮ್ಮದಕ್ಕೆ ಯಾಕೆ ಹಾಕಬಾರದು?

ಮೊದಲ ಐಸು ಗಡ್ಡೆಯನ್ನು ಆಫುವಾ ಎರಡು ಕೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಇಡೀ ವಾರ ಒಂದು ಮೀನೂ ನೀರಿಗೆ ಹೋಗಲಿಲ್ಲ. ಒಲೆ ಉರಿಯುವುದು ಅರ್ಧಕ್ಕರ್ಧ ಕಡಿಮೆಯಾಗಿದೆ. ನಿನ್ನೆಯಿಂದ ಅವಳು ಕೆಮ್ಮಿದ್ದು ನಾನು ಕೇಳಿಲ್ಲ. ಇದನ್ನು ಅವಳಿಗೆ ಹೇಳಬೇಕೆನಿಸಿತು, ಆದರೆ ಹುಂಜ ಮಲಗಿತ್ತು.

ನವೆಂಬರ್ ೩೦, ಶನಿವಾರ

ಚುನಾವಣೆಗೆ ಒಂದೇ ವಾರ. ಮಾನ್ಯ ಅಂಪಾಡು ದೊಡ್ಡ ದೋಣಿಯಲ್ಲಿ ಬಂದರು. ಅದರಲ್ಲಿ ಧ್ವನಿವರ್ಧಕ, ಹಿಂದಿನ ದೋಣಿಯಲ್ಲಿ ಗುದ್ದಲಿ, ಹಾರೆ ಹಿಡಿದ ಆಳುಗಳು.

ಸಭೆಯಲ್ಲಿ ನಿಂತು ಹೇಳಿದರು: "ಈ ಕಂಬ ನನ್ನದು. ನನ್ನ ಕಂಬದ ಮೇಲೆ ಲೈಟು ಉರೀತಿದೆ ಅಂದ್ರೆ ಲೈಟು ನಂದೇ. ಒಂದೊಂದು ಕಂಬಕ್ಕೂ ನನ್ನ ಫೋಟೋ ಹೊಡೆಸ್ತೀನಿ. ಊರ ಪರವಾಗಿ ದೊರೆ ಇಲ್ಲೇ, ಈಗ್ಲೇ, ನಮ್ಮ ವೋಟು ಅಂಪಾಡುಗೆ ಅಂತ ಹೇಳ್ಬೇಕು. ಆಗಲ್ಲ ಅಂದ್ರೆ ಬೇಜಾರಿಲ್ಲ. ನನ್ನ ಕಂಬ ನಾನು ಕಿತ್ಕೊಂಡು ಹೋಗ್ತೀನಿ."

ಐಸು ಕಟ್ಟೆಯ ತಂತಿ ಆ ಕಂಬಗಳ ಮೇಲೇ ಹೋಗುವುದು. ನಾನು ಬಗ್ಗಿ ದೊರೆಯ ಬಾಯಿಗೆ ಕಿವಿ ಕೊಟ್ಟೆ. ದೊರೆ ಏನೂ ಹೇಳಲಿಲ್ಲ. ಇನ್ನೂ ಬಗ್ಗಿದೆ. "ನಾನಾ?" ಎಂದೆ. ಅವರು ಕಣ್ಣು ಮುಚ್ಚಿಕೊಂಡು, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು, ಬಾಯಿಗೆ ಬೀಗ ಹಾಕಿದವರಂತೆ ಕೂತಿದ್ದರು. ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಎಷ್ಟು ಹೊತ್ತು ಹಾಗೆ ಬಗ್ಗಿ ನಿಲ್ಲಲಿ? ಬೆನ್ನು ನೋಯುತ್ತದೆ. ನೆಟ್ಟಗೆ ನಿಂತು ಕೋಲು ಎತ್ತಿದೆ.

"ದೊರೆ ಹೇಳುತ್ತಾರೆ: ಮಾನ್ಯರೇ, ಮೊದಲು ನೀರು ಕುಡಿಯಿರಿ. ಅದರಲ್ಲಿ ತೇಲುತ್ತಿರುವ ಐಸು ನಮ್ಮ ಹೆಂಗಸರದ್ದು. ಕಂಬ ತಂದವರು ನೀವು, ಸುಳ್ಳಲ್ಲ. ತಂದು ಮಲಗಿಸಿದಿರಿ. ನಾವು ಅದರ ಮೇಲೆ ಕೂತು ಕಾದೆವು, ಕೂತಲ್ಲೇ ಮುದುಕರಾದೆವು. ಎಬ್ಬಿಸಿ ನಿಲ್ಲಿಸಿದವರು ಇಗೋ, ಈ ಸಾಲಿನಲ್ಲಿ ಕೂತಿದ್ದಾರೆ. ಕೀಳುವುದಿದ್ದರೆ ಅವರನ್ನು ದಾಟಿಕೊಂಡು ಹೋಗಿ ಕೀಳಿ.

"ಇನ್ನೊಂದು. ಅಣೆಕಟ್ಟಿನ ಲೈಟನ್ನು ನಾವು ಬಿಟ್ಟುಕೊಟ್ಟಿಲ್ಲ. ನಮ್ಮ ಅಜ್ಜಂದಿರ ಮನೆ ಈ ನೀರಿನಡಿ ಇರುವ ತನಕ ಅದು ನಮಗೆ ಸಲ್ಲಬೇಕಾದದ್ದೇ. ಸೂರ್ಯನ ಲೈಟು ತಗೊಂಡರೆಂದು ಪಟ್ಟಿಯಿಂದ ನಮ್ಮ ಹೆಸರು ಹೊಡೆದರೆ, ಹೊಡೆದವರು ಯಾರೆಂದು ಕೇಳಲು ಊರೇ ಅಕ್ರಾಕ್ಕೆ ಬರುತ್ತದೆ. ಆ ತಂತಿ ಬಂದ ದಿನ ಅದನ್ನೂ ಇದೇ ಕಂಬಕ್ಕೆ ಕಟ್ಟುತ್ತೇವೆ. ವೋಟು ಯಾರಿಗೆಂದು ದೊರೆ ಹೇಳುವುದಿಲ್ಲ. ಈಗ ಊರಲ್ಲಿ ಲೈಟಿದೆ, ಅವರವರು ನೋಡಿಕೊಂಡು ಹಾಕುತ್ತಾರೆ."

ಮುಗಿಸಿದ ಮೇಲೆ ನೆನಪಾಯಿತು, ಒಂದೇ ಒಂದು ಗಾದೆ ಸೇರಿಸಿರಲಿಲ್ಲ. ಸಿಹಿಯೂ ಹಾಕಿರಲಿಲ್ಲ.

ಹೆಂಗಸರು ಸದ್ದಿಲ್ಲದೆ ಎದ್ದುಹೋಗಿ ಒಂದೊಂದು ಕಂಬಕ್ಕೆ ಇಬ್ಬಿಬ್ಬರಂತೆ ಬೆನ್ನು ಕೊಟ್ಟು ನಿಂತರು. ಕೆಲವರ ಕೈಯಲ್ಲಿ ಫುಫು ಮುದ್ದೆಗೆ ಗೆಣಸು ಕುಟ್ಟುವ ಒನಕೆ. ನ್ತೋ ಅಜ್ಜ ತನ್ನ ಬಾಗಿದ ಕಂಬದ ಮೇಲೆ ಕಾಲು ಚಾಚಿ ಮಲಗಿ, "ಇದನ್ನ ಬೇಕಾದ್ರೆ ನನ್ನ ಸಮೇತ ತಗೊಂಡ್ಹೋಗಪ್ಪ, 'ಮಾನ್ಯ'!" ಎಂದು ಕೂಗಿದ. ಆಳುಗಳಲ್ಲೊಬ್ಬ ಕಿಸಕ್ಕನೆ ನಕ್ಕ. ಅಲ್ಲಿಗೆ ಮುಗಿಯಿತು. ಇಡೀ ಊರು ನಕ್ಕಿತು. ಅಂಪಾಡು ಗಟಗಟ ನೀರು ಕುಡಿದು, ಐಸಿನ ತುಂಡನ್ನು ಕಟಕಟ ಕಡಿಯುತ್ತ ದೋಣಿ ಹತ್ತಿದರು. ಹಾರೆಗಳೂ ಹತ್ತಿದವು.

ಸಂಜೆ ದೊರೆ ಕರೆಸಿದರು. ಈ ಸಲ ಕುರಿಯಲ್ಲ, ಕೋಲೇ ಹೋಯಿತು ಅಂದುಕೊಂಡೆ.

"ಕ್ವಾಕು, ಇವತ್ತು ಸಭೇಲಿ ನಾನೇನಂದೆ?"

ಒಂದಕ್ಷರ ಬಿಡದೆ ಒಪ್ಪಿಸಿದೆ. ಅಜ್ಜನ ಮನೆಯ ಮಾತು ಬಂದಾಗ ಅವರು ಕಣ್ಣೊರೆಸಿಕೊಂಡರು. ಆಮೇಲೆ ತಲೆಯಾಡಿಸಿದರು.

"ಪರವಾಗಿಲ್ಲ. ಚೆನ್ನಾಗೇ ಹೇಳಿದೀನಿ. ಆ ದಂಡದ ಕುರಿ ನಾಳೆ ಕುಯ್ಯೋಣ, ಆಫುವಾನೂ ಕರ್ಕೊಂಡು ಬಾ."

ಮನೆಗೆ ಬಂದಾಗ ಆಫುವಾ ಬಾಗಿಲಲ್ಲಿದ್ದಳು. ಹುಂಜ ಅವಳ ಕಾಲ ಹತ್ತಿರವೇ ಕಾಳು ಹೆಕ್ಕುತ್ತಿತ್ತು, ಅವಳು ಅದರತ್ತ ನೋಡಲೂ ಇಲ್ಲ.

"ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ದೊರೆ ತುಟಿ ಅಲ್ಲಾಡ್ಲಿಲ್ಲ" ಎಂದಳು.

"ನಿಂಗೆ ಕಣ್ಣು ಸರಿಯಾಗಿ ಕಾಣಲ್ಲ. ಹೊಗೆ."

"ಹೂಂ, ಹೊಗೆ" ಎಂದು ನಕ್ಕಳು. "ಕೈ ತೊಳ್ಕೊ ಬಾ ಕ್ವಾಕು, ಬಾಂಕು ಮುದ್ದೆ ಬಿಸಿ ಇದೆ. ನಿನಗಿಷ್ಟ ಅಂತ ಇವತ್ತು ಹಸಿ ಮೀನಿನ ಸಾರು ಮಾಡಿದೀನಿ."

ಎರಡು ಸಲ ಬಡಿಸಿಕೊಂಡೆ. ಉಪ್ಪು ಸರಿಯಾಗಿತ್ತು. ನಾನು ನಿದ್ದೆಯಲ್ಲಿ ಮಾತಾಡುವುದು ಯಾವಾಗಲೋ ನಿಂತುಹೋಗಿದೆ ಎಂದಳು. ಇದ್ದರೂ ಇರಬಹುದು.

ಈ ಪುಸ್ತಕದಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿ ಇವೆ, ಆಫುವಾಳ ಮೀನಿನ ಲೆಕ್ಕಕ್ಕೆ ಆದೀತು. ನನಗೆ ಬರೆಯಲು ಏನೂ ಉಳಿದಿಲ್ಲ. ಹೇಳಬೇಕಾದದ್ದನ್ನೆಲ್ಲ ದೊರೆ ಹೇಳಿಬಿಟ್ಟಿದ್ದಾರೆ.